ಎಸ್ಟೀಮ್ ರೇಸ್ ಕಾರಿಗೆ ಯಾವ ಸ್ಟೀರಿಂಗ್: ನಾಲ್ಕು ಸಲ ಬಿಚ್ಚಿ ಕಟ್ಟಿದ ಮೇಲೆ ಗೊತ್ತಾಗಿದ್ದು

ಒಂಬತ್ತು ಲ್ಯಾಪ್ ಮುಗಿಸಿ ಪಿಟ್‌ಗೆ ಬಂದ ನಮ್ಮಕ್ಕನ ಮಗಳ ಕೈಗೆ ನೀರಿನ ಬಾಟ್ಲಿ ಕೊಟ್ಟೆ, ಅವಳ ಕೈಲಿ ಮುಚ್ಚಳ ತಿರುಗಿಸೋಕೆ ಆಗ್ಲಿಲ್ಲ. ಮೊಣಕೈಯಿಂದ ಕೆಳಗೆ ಎರಡೂ ಕೈ ನಡುಗ್ತಿತ್ತು. "ಮಾಮ, ಕಾರು ಚೆನ್ನಾಗಿದೆ, ನನ್ ಕೈನೇ ಸಾಲ್ತಿಲ್ಲ" ಅಂದ್ಲು. ನಂಗೆ ಆ ಮಾತು ಮನಸ್ಸಲ್ಲೇ ಉಳ್ಕೊಂಡ್ಬಿಡ್ತು, ಯಾಕಂದ್ರೆ ಅವಳ ಕೈಯಲ್ಲೇನೂ ತಪ್ಪಿರ್ಲಿಲ್ಲ, ನಾವು ಕಟ್ಟಿಕೊಟ್ಟ ಕಾರಲ್ಲೇ ತಪ್ಪಿತ್ತು, ಅದೂ ಒಂದಲ್ಲ, ಐದಾರು ಸಣ್ಣಸಣ್ಣ ತಪ್ಪು ಸೇರ್ಕೊಂಡು ಎಲ್ಲ ಸ್ಟೀರಿಂಗ್ ವೀಲ್‌ನಲ್ಲಿ ಬಂದು ಕೂತಿತ್ತು.

ಮೊದ್ಲು ಕಾರಿನ ಕತೆ ಹೇಳ್ತೀನಿ. 2003ರ ಮಾರುತಿ ಎಸ್ಟೀಮ್, 1.3 ಲೀಟರ್ 16 ವಾಲ್ವ್ ಇಂಜಿನ್, ಪವರ್ ಸ್ಟೀರಿಂಗ್ ಇದ್ದ ಮಾಡೆಲ್. 1994ರಿಂದ 2007ರ ತನಕ ಬಂದ ಗಾಡಿ ಇದು, ನಮ್ ದೇಶದಲ್ಲಿ ರೇಸು ರ್ಯಾಲಿ ಕಲಿತ ಎಷ್ಟೋ ಜನ ಇದ್ರಲ್ಲೇ ಕಲ್ತಿದ್ದು, ತೂಕ ಕಮ್ಮಿ, ಇಂಜಿನ್ 7000 ಆರ್‌ಪಿಎಂ ತನಕ ಖುಷಿಯಾಗಿ ಹೋಗುತ್ತೆ, ಸ್ಪೇರ್ ಇವತ್ತಿಗೂ ಜೆ.ಸಿ. ರೋಡಲ್ಲಿ ಸಿಗುತ್ತೆ. ದುಡ್ಡು ಹಾಕಿದ್ದು ನಮ್ಮ ಭಾವ, ಅಂದ್ರೆ ಅವಳ ಅಪ್ಪ. ಕೆಲ್ಸ ನಡೆದಿದ್ದು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಲ್ಲಿ, ನಾನು ಹಗಲು ಪೀಣ್ಯದ ಟೂಲ್ ರೂಮಲ್ಲಿ ಡಿಸೈನ್ ಕೆಲ್ಸ ಮಾಡೋನು, ಸಂಜೆ ಆರೂವರೆ ಮೇಲೆ ಶೆಡ್ಡು. ಜೊತೆಗೆ ವಿಲ್ಸನ್ ಗಾರ್ಡನ್ ಕಡೆಯಿಂದ ಬರೋ ಒಬ್ರು ಹಿರಿ ಮೇಸ್ತ್ರಿ, ಎಸ್ಟೀಮ್ ಗೇರ್‌ಬಾಕ್ಸ್ ಕಣ್ಣು ಮುಚ್ಕೊಂಡು ಬಿಚ್ಚೋರು. ಡ್ರೈವರ್‌ಗೆ 22 ವರ್ಷ, 52 ಕೆಜಿ ತೂಕ, ಹೆಣ್ಣೂರು ಬಾಗಲೂರು ರೋಡಿನ ಮೆಕೊ ಕಾರ್ಟೋಪಿಯಾದಲ್ಲಿ ಕಾರ್ಟ್ ಓಡಿಸಿ ಬೆಳೆದವಳು. ಕಾರ್ಟಲ್ಲಿ ಪವರ್ ಸ್ಟೀರಿಂಗ್ ಇರಲ್ಲ, ವೀಲ್ ಎಷ್ಟು ತಿರುಗಿಸ್ತೀವೋ ಹೆಚ್ಚುಕಮ್ಮಿ ಅಷ್ಟೇ ಟೈರೂ ತಿರುಗುತ್ತೆ, ಹಾಗಾಗಿ ಕೈ ಗಟ್ಟಿಯಾಗೇ ಇತ್ತು ಅವಳಿಗೆ.

ಈಗ ನಾವು ಮಾಡಿದ ಬದಲಾವಣೆ ನೋಡಿ. ಕಂಪನಿಯಿಂದ ಬಂದ 13 ಇಂಚಿನ ಸಣ್ಣ ಟೈರ್ ತೆಗೆದು 195/50 ಆರ್15 ಸೆಮಿ ಸ್ಲಿಕ್ (ಗೀರು ಕಮ್ಮಿ, ಹಿಡಿತ ಜಾಸ್ತಿ ಇರೋ ಟೈರು) ಹಾಕಿದ್ವಿ. ಆ ಅಲಾಯ್‌ಗಳ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಕೂರುತ್ತೆ ಅನ್ನೋ ಅಳತೆ) ಕಮ್ಮಿ ಇತ್ತು, ಚಕ್ರ ಒಂದೊಂದು ಕಡೆ 15 ಮಿಮೀ ಆಚೆಗೆ ಬಂತು. ಮುಂದಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್) ತಲೆಯನ್ನ ಸರಿಸೋಕೆ ಆಗೋ ಕ್ಯಾಂಬರ್ ಪ್ಲೇಟ್ ಹಾಕಿ ಕ್ಯಾಸ್ಟರ್, ಅಂದ್ರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ, 6 ಡಿಗ್ರಿ ಮಾಡಿದ್ವಿ. ಕಾರು 40 ಮಿಮೀ ಇಳಿಸಿದ್ವಿ. 380 ಮಿಮೀ ಸ್ಟೀರಿಂಗ್ ವೀಲ್ ತೆಗೆದು 330 ಮಿಮೀದು ಹಾಕಿದ್ವಿ, ನೋಡೋಕೂ ಚಂದ, ಮೊಣಕಾಲಿಗೂ ತಾಗಲ್ಲ ಅಂತ. ಇದ್ರಲ್ಲಿ ಒಂದೊಂದನ್ನೂ ಬೇರೆಬೇರೆ ದಿನ ಬೇರೆಬೇರೆ ಕಾರಣಕ್ಕೆ ಮಾಡಿದ್ದು, ಸ್ಟೀರಿಂಗ್ ಬಗ್ಗೆ ಯೋಚ್ನೆ ಮಾಡಿ ಮಾಡಿದ್ದು ಒಂದೂ ಇಲ್ಲ. ಅಲ್ಲಿಂದಲೇ ಶುರುವಾಗಿದ್ದು ಎಲ್ಲ.

ಮೊದಲನೇ ಸಲ ಕಂಪನಿ ಹೈಡ್ರಾಲಿಕ್ ಸ್ಟೀರಿಂಗೇ ಇಟ್ಕೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋದ್ವಿ. ಈ ಹೈಡ್ರಾಲಿಕ್ ಕೆಲ್ಸ ಮಾಡೋ ರೀತಿ ಗೊತ್ತಿದ್ರೆ ಅದು ಯಾಕೆ ಕೈ ಕೊಡುತ್ತೆ ಅಂತಾನೂ ಗೊತ್ತಾಗುತ್ತೆ. ಇಂಜಿನ್ ಬೆಲ್ಟಿಂದ ಓಡೋ ಒಂದು ವೇನ್ ಪಂಪು, ಸ್ಟೀರಿಂಗ್ ಶಾಫ್ಟ್ ಮತ್ತೆ ಪಿನಿಯನ್ (ಚಕ್ರಗಳನ್ನ ಅತ್ತಿತ್ತ ತಿರುಗಿಸೋ ರ್ಯಾಕ್ ಅನ್ನೋ ಹಲ್ಲಿನ ಸರಳನ್ನ ತಳ್ಳೋ ಪುಟ್ಟ ಗೇರು) ನಡುವೆ ಒಂದು ತೆಳ್ಳನೆ ಟಾರ್ಷನ್ ಬಾರು, ಅಂದ್ರೆ ತಿರುಚ್ಕೊಳ್ಳೋ ಸರಳು. ನೀವು ವೀಲ್ ತಿರುಗಿಸಿದಾಗ ಟೈರ್ ತಡೆಯುತ್ತೆ, ಬಾರು ಒಂಚೂರು ತಿರುಚ್ಕೊಳ್ಳುತ್ತೆ, ಆ ತಿರುಚೋದ್ರಿಂದ ವಾಲ್ವ್ ತೆರೆದು ಆಯಿಲ್ ರ್ಯಾಕ್‌ನ ಒಂದು ಬದಿಗೆ ನುಗ್ಗುತ್ತೆ. ಸಣ್ಣ ಕಾರಲ್ಲೂ ಪಂಪ್ 60-70 ಬಾರ್ ಪ್ರೆಶರ್ ಕಟ್ಟುತ್ತೆ, ಟೈರಲ್ಲಿ ನಾವು ತುಂಬಿಸೋದು 2 ಬಾರು ಅನ್ನೋದು ನೆನಪಿಟ್ಕೊಂಡ್ರೆ ಆ ಹೋಸ್ ಮೇಲೆ ಎಷ್ಟು ಒತ್ತಡ ಅಂತ ಅಂದಾಜಾಗುತ್ತೆ. ಕಂಪನಿಯೋರು ಈ ಪಂಪ್‌ನ ಡಿಸೈನ್ ಮಾಡಿರೋದು ಪಾರ್ಕಿಂಗಲ್ಲಿ, ಇಂಜಿನ್ 800 ಆರ್‌ಪಿಎಂ ಇರುವಾಗ ಹಗುರ ಆಗ್ಲಿ ಅಂತ. ನಾವು ಅದನ್ನ 20 ನಿಮಿಷ ಬಿಡದೆ 5000ದಿಂದ 7000ದಲ್ಲಿ ಓಡಿಸ್ತೀವಿ. ಬೇಡದೇ ಇರೋ ಆಯಿಲ್ ಬೈಪಾಸಲ್ಲಿ ಸುತ್ತಿ ಸುತ್ತಿ ಬಿಸಿಯಾಗುತ್ತೆ, ನೊರೆ ಬರುತ್ತೆ, ನೊರೆ ಬಂದ ಆಯಿಲ್ ಒತ್ತಿದ್ರೆ ಗಾಳಿ ಅಮುಕುತ್ತೆ ಅಷ್ಟೆ, ಅಸಿಸ್ಟ್ (ಕೈಗೆ ಸಿಗೋ ಸಹಾಯ) ಬರಲ್ಲ. ಅವಳು ಹೇಳಿದ್ದೂ ಅದೇ, "ತಿರುವಲ್ಲಿ ಕಾರಿನ ಹಿಂಭಾಗ ಜಾರಿದಾಗ ಬೇಗ ವಾಪಸ್ ತಿರುಗಿಸಕ್ಕೆ ಹೋದ್ರೆ ನಡುವಲ್ಲಿ ಗೋಡೆಗೆ ಗುದ್ದಿದ ಹಾಗೆ ಸ್ಟೀರಿಂಗ್ ಗಟ್ಟಿ ಆಗ್ಬಿಡುತ್ತೆ ಮಾಮ" ಅಂತ. ಕೈ ತಿರುಗೋ ವೇಗಕ್ಕೆ ಪಂಪು ಆಯಿಲ್ ಒದಗಿಸೋಕೆ ಆಗ್ದೇ ಇದ್ದಾಗ ಹಾಗೇ ಆಗೋದು. ಜಾರೋ ಕಾರನ್ನ ಹಿಡಿಯೋ ಆ ಅರ್ಧ ಸೆಕೆಂಡಲ್ಲೇ ಅದು ಕೈ ಕೊಡೋದು, ಬೇರೆ ಹೊತ್ತಲ್ಲಿ ಅಲ್ಲ.

ಪೀಣ್ಯದಲ್ಲಿ ನಂಗೆ ಪರಿಚಯ ಇರೋ ಲೇತ್‌ನ ಅಣ್ಣ ಒಬ್ರ ಹತ್ರ ಪಂಪ್‌ಗೆ ದೊಡ್ಡ ಪುಲ್ಲಿ ಮಾಡಿಸಿದ್ವಿ, ಕಂಪನೀದಕ್ಕಿಂತ ಕಾಲು ಭಾಗ ದೊಡ್ಡದು, ಪಂಪ್ ಸ್ಪೀಡ್ ನೂರಕ್ಕೆ 20 ಕಮ್ಮಿ ಆಯ್ತು. ಒಂದು ಸಣ್ಣ ಆಯಿಲ್ ಕೂಲರ್ ರಿಟರ್ನ್ ಲೈನಲ್ಲಿ ಕೂರಿಸಿದ್ವಿ. ನಿಜ ಹೇಳ್ಬೇಕಂದ್ರೆ ಅದು ಕೆಲ್ಸ ಮಾಡ್ತು. ನೊರೆ ನಿಂತೋಯ್ತು. ಕೈಗೆ ಸಿಗೋ ಫೀಲ್ ಕೂಡ ನಾವು ಆಮೇಲೆ ಟ್ರೈ ಮಾಡಿದ ಎಲ್ಲದಕ್ಕಿಂತ ಇದ್ರದ್ದೇ ಚೆನ್ನಾಗಿತ್ತು, 1200 ಕೆಜಿ ಮೇಲಿನ ಕಾರು ಯಾರಾದ್ರೂ ಕಟ್ತಿದ್ರೆ ಹೊಸ ಪಂಪು, ಹೊಸ ಹೋಸು, ಕೂಲರ್ ಹಾಕಿ ಹೈಡ್ರಾಲಿಕ್ಕೇ ಇಟ್ಕೊಳ್ಳಿ ಅಂತ ಇವತ್ತಿಗೂ ಹೇಳ್ತೀನಿ.

ನಾವು ಬಿಟ್ಟಿದ್ದು ಯಾಕೆ ಅಂದ್ರೆ ಬೆಂಕಿ ಭಯಕ್ಕೆ. ಪುಲ್ಲಿ ಬದಲಾಯಿಸಿ ಓಡಿಸಿದ ಎರಡನೇ ದಿನ ಸಂಜೆ ಸೆಷನ್‌ನಲ್ಲಿ ಬಾನೆಟ್ ಅಂಚಿಂದ ಬಿಳಿ ಹೊಗೆ. ರ್ಯಾಕ್‌ನ ಆಯಿಲ್ ಸೀಲ್ ಬಿಟ್ಟಿತ್ತು, ಅಷ್ಟು ಹೊತ್ತಿಗೆ ಅದಕ್ಕೆ ಹತ್ತಿರ ಹತ್ತಿರ 20 ವರ್ಷ ವಯಸ್ಸು, ಲೀಕಾದ ಎಟಿಎಫ್ (ಪವರ್ ಸ್ಟೀರಿಂಗ್ ಆಯಿಲು) ಎಕ್ಸಾಸ್ಟ್ ಹೆಡರ್, ಅಂದ್ರೆ ಇಂಜಿನ್‌ನ ಬಿಸಿ ಹೊಗೆ ಹೋಗೋ ಪೈಪ್ ಮೇಲೆ ಬೀಳ್ತಿತ್ತು. ಎಟಿಎಫ್‌ನ ಫ್ಲ್ಯಾಶ್ ಪಾಯಿಂಟ್ (ಅದ್ರ ಆವಿ ಬೆಂಕಿ ಹಿಡಿಯೋವಷ್ಟು ಬಿಸಿ) 200 ಡಿಗ್ರಿ ಆಸುಪಾಸು, ಓಡ್ತಿರೋ ಹೆಡರ್ ಅದಕ್ಕಿಂತ ಎಷ್ಟೋ ಮೇಲೆ. ಅವತ್ತು ಹೊಗೆಯಷ್ಟೇ ಬಂತು, ಪುಣ್ಯ. ಭಾವ ಏನೂ ಮಾತಾಡ್ಲಿಲ್ಲ, ಟೋಯಿಂಗ್ ಗಾಡಿ ಹತ್ತಿರ ಹೋಗಿ ನಿಂತ್ಕೊಂಡ್ರು. ಸೀಲ್ ಕಿಟ್ ಹಾಕಿ ಮತ್ತೆ ಓಡಿಸ್ಬೋದಿತ್ತು, ಆದ್ರೆ ಈಗ ಸಿಗೋ ಕಿಟ್‌ನಲ್ಲಿ ಯಾವ್ದು ಚೆನ್ನಾಗಿದೆ ಯಾವ್ದು ಇಲ್ಲ ಅಂತ ಹಾಕಿ ನೋಡೋ ತನಕ ಗೊತ್ತಾಗಲ್ಲ, ಮಗು ಒಳಗೆ ಕೂತಿರೋ ಕಾರಲ್ಲಿ ಹಾಕಿ ನೋಡೋ ಧೈರ್ಯ ನಂಗಿರ್ಲಿಲ್ಲ.

ಆಗ ಎಲ್ರೂ ಹೇಳಿದ್ದು ಒಂದೇ, ಬೆಲ್ಟ್ ಕಿತ್ತಾಕಿ, ಪಂಪ್ ತೆಗೀರಿ, ರ್ಯಾಕ್‌ನ ಎರಡು ಪೋರ್ಟ್‌ಗೂ ಒಂದು ಪೈಪ್ ಹಾಕಿ ಲೂಪ್ ಮಾಡಿ, ಮುಗೀತು. ಖರ್ಚಿಲ್ಲ, ತೂಕ ಇಳಿಯುತ್ತೆ (ತೂಗಿದ್ವಿ, ಪಂಪು, ಬ್ರ್ಯಾಕೆಟ್ಟು, ಲೈನು, ಆಯಿಲ್ ಎಲ್ಲ ಸೇರಿ 8 ಕೆಜಿ ಹತ್ತಿರ), ಇಂಜಿನ್ ಪವರ್ ಕೂಡ ಒಂಚೂರು ವಾಪಸ್ ಬರುತ್ತೆ. ನಾನೂ ಒಪ್ಕೊಂಡೆ. ಮೇಸ್ತ್ರಿ ಮಾತ್ರ "ಸಾರ್, ಪವರ್ ರ್ಯಾಕು ಪವರ್ ಇಲ್ದೆ ಓಡ್ಲಿ ಅಂತ ಮಾಡಿದ್ದಲ್ಲ" ಅಂದ್ರು, ನಾನು ಆ ಮಾತಿನ ತೂಕ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.

ಲೂಪ್ ಮಾಡಿದ ರ್ಯಾಕಲ್ಲಿ ಮೂರು ತೊಂದ್ರೆ ಇರುತ್ತೆ, ನಾವು ಮೂರನ್ನೂ ಅನುಭವಿಸಿದ್ವಿ. ಆ ಟಾರ್ಷನ್ ಬಾರ್ ಅಲ್ಲೇ ಇರುತ್ತೆ, ಆಯಿಲ್ ಸಹಾಯ ಇಲ್ದೇ ಇರೋದ್ರಿಂದ ಪ್ರತಿ ಸಲ ತಿರುಗಿಸಿದಾಗ ಮೊದ್ಲು ಆ ಬಾರು ಸ್ಟಾಪ್‌ಗೆ ತಾಗೋ ತನಕ ತಿರುಚುತ್ತೆ, ಆಮೇಲೇನೇ ಟೈರ್ ತಿರುಗೋದು. ಡ್ರೈವರ್‌ಗೆ ಅದು ಸವೆದೋದ ಟೈ ರಾಡ್ (ರ್ಯಾಕಿಂದ ಚಕ್ರಕ್ಕೆ ಹೋಗೋ ಸರಳು) ಎಂಡ್ ಥರ ಅನ್ಸುತ್ತೆ, ಸ್ಟೀರಿಂಗ್ ರಬ್ಬರ್ ರಬ್ಬರ್. ಎರಡು, ರ್ಯಾಕ್ ಒಳಗಿನ ಪಿಸ್ಟನ್ ಸೀಲು ಸಿಲಿಂಡರ್‌ಗೆ ಉಜ್ಜುತ್ತಲೇ ಇರುತ್ತೆ, ಒಳಗಿರೋ ಆಯಿಲ್ಲೋ ಗಾಳಿಯೋ ಆ ಸಣ್ಣ ಪೈಪಲ್ಲಿ ಅತ್ತಿಂದಿತ್ತ ಹೋಗ್ಬೇಕು, ಆ ಕೆಲ್ಸ ಎಲ್ಲ ಮಾಡೋದು ಡ್ರೈವರ್ ತೋಳು. ಮೂರು, ಮುಖ್ಯವಾದ್ದು, ಪವರ್ ರ್ಯಾಕ್‌ನ ರೇಶಿಯೋ ಫಾಸ್ಟ್ ಇರುತ್ತೆ, ಅಂದ್ರೆ ವೀಲ್ ಕಮ್ಮಿ ತಿರುಗಿಸಿದ್ರೂ ಚಕ್ರ ಜಾಸ್ತಿ ತಿರುಗುತ್ತೆ, ಕೈಗೆ ಭಾರನೂ ಜಾಸ್ತಿ, ಸಹಾಯ ಇದೆ ಅನ್ನೋ ಲೆಕ್ಕದಲ್ಲಿ ಮಾಡಿರ್ತಾರೆ. ಮಜ್ದಾದ ಮೊದಲ ತಲೆಮಾರಿನ ಮಿಯಾಟಾ ಕಾರಲ್ಲಿ ಮ್ಯಾನುಯಲ್ ರ್ಯಾಕು 18:1, ಪವರ್ ರ್ಯಾಕು 15:1 ಆಸುಪಾಸು ಇತ್ತು, ಆ ಕಾರಲ್ಲಿ ಸರ್ಕ್ಯೂಟ್ ಓಡಿಸೋರು ಇಷ್ಟು ವರ್ಷದಿಂದ ಈ ಎರಡರ ಬಗ್ಗೆ ಚರ್ಚೆ ಮಾಡ್ತಾನೇ ಇದ್ದಾರೆ.

ಹಂಗೆ ಲೂಪ್ ಮಾಡ್ಕೊಂಡು ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗಿದ್ದು, 3.7 ಕಿಲೋಮೀಟರ್, 12 ತಿರುವು, ಒಂದರ ಹಿಂದೆ ಒಂದು. ಹೊಸೂರು ಕೃಷ್ಣಗಿರಿ ದಾಟಿ ವೆಲ್ಲೂರು ಮೇಲೆ ರಾತ್ರಿ ಎಲ್ಲ ಟ್ರೇಲರ್ ಎಳ್ಕೊಂಡು ಹೋಗಿ, ಬೆಳಗ್ಗೆ ಅಲ್ಲಿನ ಸೆಕೆಯಲ್ಲಿ ಒಂಬತ್ತೇ ಲ್ಯಾಪಿಗೆ ಆ ಬಾಟ್ಲಿ ಮುಚ್ಚಳದ ಕತೆ. ಮೊದಲ ಮೂರು ಲ್ಯಾಪಿಗೂ ಕೊನೇ ಮೂರು ಲ್ಯಾಪಿಗೂ ಎರಡೂವರೆ ಸೆಕೆಂಡ್ ವ್ಯತ್ಯಾಸ. ಟೈರ್ ಬಿಸಿಯಾಗಿ ಹಿಡಿತ ಹೋಯ್ತೇನೋ ಅಂತ ನಾನು ಪ್ರೆಶರ್ ನೋಡ್ತಿದ್ದೆ, ಇನ್‌ಕಾರ್ ವಿಡಿಯೋ ನೋಡಿದಾಗ ಗೊತ್ತಾಯ್ತು ಟೈರ್ ಅಲ್ಲ, ಅವಳು ತಿರುವಿಗೆ ಬೇಗ ಬೇಗ ವೀಲ್ ತಿರುಗಿಸೋದನ್ನೇ ಬಿಟ್ಟಿದ್ಲು, ನಿಧಾನಕ್ಕೆ ಎರಡೂ ಕೈಲಿ ಎಳೀತಿದ್ಲು, ಭುಜ ಸೀಟಿಂದ ಎದ್ದು ಬರ್ತಿತ್ತು.

ವಾಪಸ್ ಬಂದು ಆ ವಾರ ಏನೂ ಬಿಚ್ಚಲಿಲ್ಲ. ಕಾಗದ ಪೆನ್ನು ತಗೊಂಡು ಕೂತೆ. ಶುರುನಲ್ಲೇ ಮಾಡ್ಬೇಕಾಗಿದ್ದ ಕೆಲ್ಸ ಅದು, ಅದಕ್ಕೇ ಲೆಕ್ಕ ಪೂರ್ತಿ ಬರೀತೀನಿ, ಯಾರಿಗಾದ್ರೂ ಉಪಯೋಗ ಆಗ್ಲಿ. ಡ್ರೈವರ್ ಸೇರಿ ಕಾರಿನ ಮುಂದಿನ ಎರಡು ಚಕ್ರದ ಮೇಲೆ 560 ಕೆಜಿ. ತಿರುವಲ್ಲಿ 1 ಜಿ ಹಿಡಿತ ಅಂತ ಇಟ್ಕೊಳ್ಳಿ, ಅಷ್ಟೇ 560 ಕೆಜಿ ಬಲ ಅಡ್ಡಕ್ಕೆ ಬೀಳುತ್ತೆ. ಆ ಬಲ ಸ್ಟೀರಿಂಗನ್ನ ನೇರ ಮಾಡೋಕೆ ಎಳೆಯೋದು ಟ್ರೇಲ್‌ನಿಂದ, ಅಂದ್ರೆ ಚಕ್ರ ತಿರುಗೋ ಅಕ್ಷ ನೆಲ ಮುಟ್ಟೋ ಜಾಗಕ್ಕೂ ಅದ್ರ ಹಿಂದೆ ಟೈರಿನ ಬಲ ಬೀಳೋ ಜಾಗಕ್ಕೂ ಇರೋ ದೂರದಿಂದ. ನಮ್ ಟೈರಿನ ತ್ರಿಜ್ಯ 288 ಮಿಮೀ, ಕ್ಯಾಸ್ಟರ್ 6 ಡಿಗ್ರಿಗೆ ಮೆಕ್ಯಾನಿಕಲ್ ಟ್ರೇಲ್ 30 ಮಿಮೀ ಬರುತ್ತೆ, ಟೈರೇ ತಿರುಚೋದ್ರಿಂದ ಬರೋ ನ್ಯೂಮ್ಯಾಟಿಕ್ ಟ್ರೇಲ್ ಒಂದು 15 ಮಿಮೀ ಅಂತ ಅಂದಾಜು, ಒಟ್ಟು 45. ಅಲ್ಲಿಗೆ 560 ಗುಣಿಸು 0.045, ಅಂದ್ರೆ 25 ಕೆಜಿ ಮೀಟರ್. ಸ್ಟೀರಿಂಗ್ ವೀಲ್ ಒಂದು ಸುತ್ತು ತಿರುಗಿಸಿದ್ರೆ ಚಕ್ರ ಇಪ್ಪತ್ತೆರಡೂವರೆ ಡಿಗ್ರಿ ತಿರುಗ್ತಿತ್ತು, ಅಂದ್ರೆ ರೇಶಿಯೋ 16. ವೀಲ್ ತ್ರಿಜ್ಯ 165 ಮಿಮೀ. ಭಾಗಿಸಿದ್ರೆ ವೀಲ್ ಅಂಚಲ್ಲಿ ಒಂಬತ್ತೂವರೆ ಕೆಜಿ, ರ್ಯಾಕ್ ಒಳಗಿನ ಘರ್ಷಣೆ ಸೇರಿಸಿದ್ರೆ 11 ದಾಟುತ್ತೆ. ಒಂದು ಲ್ಯಾಪಿಗೆ 12 ತಿರುವು, ಪ್ರತಿ ತಿರುವಲ್ಲೂ ಮೂರ್ನಾಲ್ಕು ಸೆಕೆಂಡ್ 11 ಕೆಜಿ ಹಿಡ್ಕೊಂಡಿರ್ಬೇಕು, ಅದೂ ಬ್ರೇಕ್ ಒತ್ತಿ, ಗೇರ್ ಬದಲಾಯಿಸಿ, ಒಂದೇ ಕೈಲಿ ಎಷ್ಟೋ ಸಲ. 52 ಕೆಜಿ ಹುಡುಗಿ ಅಂತಲ್ಲ, ಯಾರಿಗಾದ್ರೂ ಸುಸ್ತಾಗುತ್ತೆ.

ಇದೇ ಲೆಕ್ಕ ನಂಗೆ ದಾರಿ ತೋರಿಸ್ತು. ಕ್ಯಾಸ್ಟರ್ ಒಂದೊಂದು ಡಿಗ್ರಿಗೆ 5 ಮಿಮೀ ಟ್ರೇಲು. 6ರಿಂದ 4ಕ್ಕೆ ಇಳಿಸಿದ್ರೆ ಒಟ್ಟು ಟ್ರೇಲ್ 35, ಭಾರ ನೂರಕ್ಕೆ 22 ಕಮ್ಮಿ, ಖರ್ಚು ಸೊನ್ನೆ. ಇನ್ನೊಂದು ಲಾಭ ಇದೆ, ಅದು ಭಾರಕ್ಕಿಂತ ದೊಡ್ಡದು. ಟೈರ್ ಹಿಡಿತ ಬಿಡೋಕೆ ಮುಂಚೆ ನ್ಯೂಮ್ಯಾಟಿಕ್ ಟ್ರೇಲ್ ಕುಸಿಯುತ್ತೆ, ಸ್ಟೀರಿಂಗ್ ಹಗುರ ಆಗುತ್ತೆ, ಅದೇ ಡ್ರೈವರ್‌ಗೆ ಸಿಗೋ ಮುನ್ಸೂಚನೆ. ಕ್ಯಾಸ್ಟರ್ ಜಾಸ್ತಿ ಇಟ್ರೆ ಮೆಕ್ಯಾನಿಕಲ್ ಟ್ರೇಲ್‌ನ ಭಾರದಲ್ಲಿ ಆ ಸಣ್ಣ ಬದಲಾವಣೆ ಮುಚ್ಚೋಗ್ಬಿಡುತ್ತೆ. ಅಂದ್ರೆ ನಾವು ಅವಳ ಕೈನೂ ಸುಸ್ತು ಮಾಡಿದ್ವಿ, ಟೈರ್ ಹೇಳೋ ಮಾತನ್ನೂ ಕೇಳಿಸದ ಹಾಗೆ ಮಾಡಿದ್ವಿ. ಸ್ಟೀರಿಂಗ್ ವೀಲ್ 380ರಿಂದ 330 ಮಾಡಿದ್ದಕ್ಕೆ ಭಾರ ನೂರಕ್ಕೆ 15 ಏರಿತ್ತು, 350ದು ಹಾಕಿದ್ರೆ ಅದ್ರಲ್ಲೂ ಒಂಚೂರು ವಾಪಸ್. ಆಫ್‌ಸೆಟ್ ಕಮ್ಮಿ ಮಾಡಿದ್ರಿಂದ ಸ್ಕ್ರಬ್ ರೇಡಿಯಸ್ (ಮುಂದಿನಿಂದ ನೋಡಿದಾಗ ಆ ಅಕ್ಷಕ್ಕೂ ಟೈರಿನ ನಡುವಿಗೂ ನೆಲದ ಮೇಲಿರೋ ದೂರ) ಹೆಚ್ಚಿ, ಟ್ರ್ಯಾಕ್ ಅಂಚಿನ ಕರ್ಬ್ ಹತ್ತಿದಾಗ, ಬ್ರೇಕ್ ಒತ್ತಿದಾಗ ವೀಲ್ ಕೈಯಿಂದ ಕಿತ್ಕೊಳ್ತಿತ್ತು, ಅದಕ್ಕೆ ಕಂಪನಿ ಆಫ್‌ಸೆಟ್‌ಗೆ ಹತ್ತಿರ ಇರೋ ಅಲಾಯ್ ಹುಡುಕಿದ್ವಿ. ಕಾರು ಇಳಿಸಿದ್ರಿಂದ ಟೈ ರಾಡ್ ಕೋನ ಕೆಟ್ಟು ಬಂಪ್ ಸ್ಟಿಯರ್ (ಉಬ್ಬು ಹತ್ತಿದಾಗ ಚಕ್ರ ತಾನಾಗೇ ತಿರುಗೋದು) ಬೇರೆ ಬಂದಿತ್ತು, ಅದನ್ನೂ ಸರಿ ಮಾಡಿದ್ವಿ, ಆ ಕತೆ ಬೇರೆನೇ ಇದೆ, ಇಲ್ಲಿ ಬೇಡ.

"ನಿಜವಾದ ರೇಸರ್‌ಗೆ ಪವರ್ ಸ್ಟೀರಿಂಗ್ ಯಾಕೆ" ಅಂತ ಶೆಡ್ಡಿಗೆ ಬಂದೋರು ಒಂದಿಬ್ರು ಅಂದಿದ್ರು. ಈ ಮಾತು ನಂಗೆ ನೋವಾಗುತ್ತೆ, ಯಾಕಂದ್ರೆ ಅದು ಅರ್ಧ ಮಾತ್ರ ನಿಜ. ಇಂಡಿಕಾರ್‌ನಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಹೌದು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಓಡಿಸಿದ ಫಾರ್ಮುಲಾ 2 ಕಾರಲ್ಲೂ ಇರ್ಲಿಲ್ಲ, ಆ ಹುಡುಗರು ಅದಕ್ಕೋಸ್ಕರಾನೇ ತೋಳು ಕುತ್ತಿಗೆ ಬೆಳೆಸ್ತಾರೆ. ಆದ್ರೆ ಫಾರ್ಮುಲಾ 1ರಲ್ಲಿ ಇದೆ, ಹೈಡ್ರಾಲಿಕ್, ಎಲೆಕ್ಟ್ರಿಕ್ ಆಗಿರಬಾರದು ಅಂತ ರೂಲು. ಜಗತ್ತಿನ ಅತಿ ವೇಗದ ಡ್ರೈವರ್‌ಗಳು ಪವರ್ ಸ್ಟೀರಿಂಗ್ ಇಟ್ಕೊಂಡೇ ಓಡಿಸ್ತಾರೆ. ನಿಮ್ಮ ಕಾರಿನ ತೂಕ, ಟೈರು, ಎಷ್ಟು ನಿಮಿಷ ಓಡ್ಬೇಕು, ಯಾರು ಓಡಿಸ್ತಾರೆ ಇಷ್ಟನ್ನ ನೋಡಿ ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ಬೇಕು, ಗಂಡಸ್ತನದ ಮಾತು ಇಲ್ಲಿ ಬರಲೇಬಾರದು.

ಮೂರನೇ ಸಲ ಮ್ಯಾನುಯಲ್ ರ್ಯಾಕು. ಎಸ್ಟೀಮ್‌ನ ಒಂದು ಅನುಕೂಲ ಇದು, ಪವರ್ ಸ್ಟೀರಿಂಗ್ ಇಲ್ಲದ ಮಾಡೆಲ್ ಕೂಡ ಕಂಪನಿನೇ ಮಾರ್ತಿತ್ತು, ಅದ್ರ ರ್ಯಾಕ್ ಹಾಕಿದ್ರೆ ಟಾರ್ಷನ್ ಬಾರ್ ಇಲ್ಲ, ಪಿಸ್ಟನ್ ಸೀಲ್ ಇಲ್ಲ, ಗಟ್ಟಿ ಲೋಹಕ್ಕೆ ಲೋಹ. ಜೆ.ಸಿ. ರೋಡಲ್ಲಿ ಎರಡು ದಿನ ಸುತ್ತಿ ಒಂದು ಸಿಕ್ತು. ನಾವು ಅಳೆದಾಗ ಒಂದು ಸುತ್ತಿಗೆ 18 ಡಿಗ್ರಿ, ಅಂದ್ರೆ 20:1. ಲೆಕ್ಕದ ಪ್ರಕಾರ ಭಾರ ಇನ್ನೂ ನೂರಕ್ಕೆ 20 ಇಳೀಬೇಕು, ಇಳೀತು ಕೂಡ. ಡಿಜಿಟಲ್ ಲಗೇಜ್ ತಕ್ಕಡಿನ ವೀಲ್ ಅಂಚಿಗೆ ಸಿಗಿಸಿ ನಿಂತ ಕಾರಲ್ಲಿ ಎಳೆದು ನೋಡಿದ್ರೆ ಲೂಪ್ ರ್ಯಾಕಲ್ಲಿ 16 ಕೆಜಿ ಇದ್ದಿದ್ದು ಈಗ 10. ಹತ್ತು ಲ್ಯಾಪ್ ಓಡಿಸಿ ಬಂದ್ಲು, ಕೈ ನಡುಗ್ಲಿಲ್ಲ, ಮುಖದಲ್ಲಿ ನಗು ಇತ್ತು. ಫೀಲ್ ಬಗ್ಗೆ ಕೇಳ್ದಾಗ "ರೋಡ್ ಮೇಲಿರೋ ಮರಳು ಕೂಡ ಗೊತ್ತಾಗುತ್ತೆ ಮಾಮ" ಅಂದ್ಲು.

ಬರೀ ಸಣ್ಣ ರೇಸು, ಎಂಟ್ಹತ್ತು ಲ್ಯಾಪು ಅಷ್ಟೇ ಆಗಿದ್ರೆ ನಾನು ಅಲ್ಲಿಗೇ ನಿಲ್ಲಿಸ್ತಿದ್ದೆ. ಕೆಡೋ ಭಾಗ ಒಂದೂ ಇಲ್ಲ ಅದ್ರಲ್ಲಿ. ಆದ್ರೆ ನಿಧಾನದ ತಿರುವುಗಳಲ್ಲಿ ಅವಳು ಕೈ ದಾಟಿಸಿ ದಾಟಿಸಿ ತಿರುಗಿಸ್ಬೇಕಾಗ್ತಿತ್ತು, ಹಿಂಭಾಗ ಜಾರಿದಾಗ ಹಿಡಿಯೋಕೆ ಮೊದಲಿಗಿಂತ ಕಾಲು ಭಾಗ ಜಾಸ್ತಿ ವೀಲ್ ತಿರುಗಿಸ್ಬೇಕು, ಎರಡು ಸಲ ಅಷ್ಟು ತಿರುಗಿಸೋಕೆ ಹೊತ್ತು ಸಾಲದೆ ಕಾರು ಸುತ್ತಿ ಹುಲ್ಲಿಗೆ ಹೋಯ್ತು. ಕಾರ್ಟಿಂದ ಬಂದ ಕೈಗೆ ಈ ನಿಧಾನ ಒಗ್ಗಲೇ ಇಲ್ಲ. ಭಾವನ ಆಸೆ ಇದ್ದಿದ್ದು ಮುಂದೆ ಒಂದು ಗಂಟೆ ಓಡಿಸೋ ಎಂಡ್ಯೂರೆನ್ಸ್ ರೇಸ್‌ಗೆ. ಜೊತೆಗೆ ಮುಂದೆ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನೆ ಸುತ್ತದ ಹಾಗೆ ಎರಡಕ್ಕೂ ಶಕ್ತಿ ಹಂಚೋ ಡಿಫರೆನ್ಷಿಯಲ್) ಹಾಕೋ ಪ್ಲಾನ್ ಬೇರೆ ಇತ್ತು, ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಪ್ಲೇಟ್ ಇರೋ ಅಂಥ ಡಿಫ್ ಹಾಕಿದ್ರೆ ಆಕ್ಸಿಲರೇಟರ್ ಒತ್ತಿದಾಗ ಸ್ಟೀರಿಂಗ್ ಅತ್ತಿತ್ತ ಎಳೆಯುತ್ತೆ, ಅಸಿಸ್ಟ್ ಇಲ್ದೆ ಅದನ್ನ ಹಿಡಿಯೋದು ತುಂಬಾ ಕಷ್ಟ.

ಕೊನೆಗೆ ಇಪಿಎಸ್, ಕಾಲಮ್‌ಗೆ (ವೀಲ್ ಕೂರೋ ಕಂಬ) ಮೋಟರ್ ಇರೋ ಎಲೆಕ್ಟ್ರಿಕ್ ಸ್ಟೀರಿಂಗು. ಪಂಪನ್ನೇ ಎಲೆಕ್ಟ್ರಿಕ್ ಮೋಟರಿಂದ ಓಡಿಸೋ ಎಲೆಕ್ಟ್ರೋ ಹೈಡ್ರಾಲಿಕ್ ಕೂಡ ಯೋಚ್ನೆ ಮಾಡಿದ್ವಿ, ಹೊರದೇಶದಲ್ಲಿ ಟೊಯೋಟಾ ಎಂಆರ್2 ಸ್ಪೈಡರ್‌ದು, ಒಪೆಲ್ ಆಸ್ಟ್ರಾದ್ದು ತುಂಬಾ ಜನ ಹಾಕ್ತಾರೆ, ಬೆಲ್ಟ್ ಆರ್‌ಪಿಎಂ ತಲೆನೋವು ಹೋಗುತ್ತೆ, ಫೀಲ್ ಚೆನ್ನಾಗಿರುತ್ತೆ, ಆದ್ರೆ ಆಯಿಲು ಹೋಸು ಸೀಲು ಎಲ್ಲ ಅಲ್ಲೇ ಇರುತ್ತೆ, ಹಳೇ ಎಸ್ಟೀಮ್ ಆಲ್ಟರ್ನೇಟರ್‌ಗೆ ಆ ಕರೆಂಟೂ ಜಾಸ್ತಿ. ಬಿಟ್ವಿ.

ಶಿವಾಜಿನಗರದ ಗುಜರಿಯಲ್ಲಿ ಒಂದು ವ್ಯಾಗನ್ ಆರ್ ಕಾಲಮ್ಮು, ಅದ್ರ ಕಂಟ್ರೋಲ್ ಬಾಕ್ಸು, ಕನೆಕ್ಟರ್ ಕತ್ತರಿಸದೇ ಇರೋ ವೈರಿಂಗ್ ಸಮೇತ ತಂದ್ವಿ. ಕನೆಕ್ಟರ್ ಮುಖ್ಯ, ಗುಜರಿಯೋರು ವೈರ್ ಕಚಕ್ ಅಂತ ಕತ್ತರಿಸಿಬಿಟ್ಟಿರ್ತಾರೆ, ಮುಂಚೆನೇ ಹೇಳಿಟ್ಟಿರ್ಬೇಕು. ರ್ಯಾಕ್‌ಗೆ ಮಾತ್ರ ವಾಪಸ್ ಆ 16:1 ಪವರ್ ರ್ಯಾಕೇ, ಈ ಸಲ ಲೂಪ್ ಅಲ್ಲ, ಸರಿಯಾಗಿ ಬಿಚ್ಚಿ. ಪಿಸ್ಟನ್ ಸೀಲ್ ತೆಗೆದ್ವಿ, ಒಳಗೆ ಗ್ರೀಸ್ ಹಾಕಿದ್ವಿ, ಗಾಳಿ ಓಡಾಡೋಕೆ ಎರಡು ತುದಿಗೂ ದೊಡ್ಡ ಬ್ರೀದರ್ ಕೊಟ್ವಿ, ಪಿನಿಯನ್ ಹೊರಗೆ ತೆಗೆದು ಟಾರ್ಷನ್ ಬಾರ್ ಅಲ್ಲಾಡದ ಹಾಗೆ ವಾಲ್ವನ್ನ ಟಿಗ್ ವೆಲ್ಡ್ ಮಾಡಿಸಿದ್ವಿ.

ವೆಲ್ಡ್ ಅಂದಾಗ ಒಂದು ಮಾತು ಹೇಳ್ಲೇಬೇಕು. ಪಿನಿಯನ್ ವಾಲ್ವ್‌ಗೆ ಹಾಕಿದ ವೆಲ್ಡ್ ಬಿಟ್ರೂ ಒಳಗೆ ಬಾರು, ಸ್ಟಾಪು ಇರುತ್ತೆ, ಸ್ಟೀರಿಂಗ್ ಸಡಿಲ ಆಗುತ್ತೆ ಹೊರತು ಕಳ್ಚಿಕೊಳ್ಳಲ್ಲ. ಆದ್ರೆ ವ್ಯಾಗನ್ ಆರ್ ಕಾಲಮ್ಮನ್ನ ಎಸ್ಟೀಮ್ ಪಿನಿಯನ್‌ಗೆ ಸೇರ್ಸೋ ಶಾಫ್ಟನ್ನ ಕತ್ತರಿಸಿ ತುದಿಗೆ ತುದಿ ಇಟ್ಟು ವೆಲ್ಡ್ ಹೊಡೆದುಬಿಡೋರನ್ನ ನಾನು ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ. ಆ ವೆಲ್ಡ್ ಬಿಟ್ರೆ ನಿಮ್ಮ ಕೈಗೂ ಚಕ್ರಕ್ಕೂ ನಡುವೆ ಏನೂ ಇರಲ್ಲ. ನಾವು ಪೀಣ್ಯದಲ್ಲಿ ಎರಡೂ ಕಡೆ ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು) ಅಳತೆ ತೆಗೆಸಿ, ವೈರ್ ಕಟ್‌ನಲ್ಲಿ ಒಳ ಸ್ಪ್ಲೈನ್ ಇರೋ ಕಪ್ಲಿಂಗ್ ಮಾಡಿಸಿ, ಅಡ್ಡ ಬೋಲ್ಟ್ ಹಾಕಿ ಲಾಕ್ ಮಾಡಿದ್ವಿ. ಇಡೀ ಪ್ರಾಜೆಕ್ಟಲ್ಲಿ ಅತಿ ಹೆಚ್ಚು ದಿನ ಹಿಡಿದಿದ್ದು ಆ ಅಂಗೈಯಷ್ಟು ಉದ್ದದ ತುಂಡಿಗೆ. ಅಪಘಾತ ಆದಾಗ ಕಾಲಮ್ಮು ಎದೆಗೆ ಬರಬಾರದು, ಅದಕ್ಕೆ ಎರಡು ಯೂನಿವರ್ಸಲ್ ಜಾಯಿಂಟ್ ಇಟ್ಟು ಶಾಫ್ಟ್ ಮುರಿದು ಮಡಚೋ ಹಾಗೆ ಕೋನ ಕೊಟ್ವಿ. ಮೇಸ್ತ್ರಿ ಆ ಕಪ್ಲಿಂಗ್ ಕೈಲಿ ಹಿಡ್ದು ಬೆಳಕಿಗೆ ತಿರುಗಿಸಿ ನೋಡಿ "ಇದಾಯ್ತು ನೋಡಿ ಸಾರ್" ಅಂದಾಗ ಆದ ಸಮಾಧಾನ ನಂಗೆ ಲ್ಯಾಪ್ ಟೈಮ್ ನೋಡಿದಾಗ್ಲೂ ಆಗ್ಲಿಲ್ಲ.

ಎಲೆಕ್ಟ್ರಿಕಲ್ ಕಡೆ ಒಂದು ಗಂಟು ಇತ್ತು. ಈ ಕಂಟ್ರೋಲ್ ಬಾಕ್ಸ್‌ಗೆ ಇಂಜಿನ್ ಓಡ್ತಿದೆ ಅನ್ನೋ ಆರ್‌ಪಿಎಂ ಸಿಗ್ನಲ್ ಬೇಕು, ಕಾರಿನ ಸ್ಪೀಡ್ ಸಿಗ್ನಲ್ ಬೇಕು. ಸ್ಪೀಡ್ ಏರಿದ ಹಾಗೆ ಅದು ಅಸಿಸ್ಟ್ ಕಮ್ಮಿ ಮಾಡುತ್ತೆ. ಇಂಜಿನ್ ಜೋರಾಗಿ ಓಡ್ತಿದ್ರೂ ಸ್ಪೀಡ್ ಬರದೇ ಇದ್ರೆ ಏನೋ ಕೆಟ್ಟಿದೆ ಅಂತ ಫಾಲ್ಟ್ ಹಾಕುತ್ತೆ. ನಮ್ಮ ಎಸ್ಟೀಮಲ್ಲಿ ಸ್ಪೀಡೋಗೆ ಇದ್ದಿದ್ದು ಕೇಬಲ್ಲು, ವೈರೇ ಇಲ್ಲ. ಎಸ್.ಪಿ. ರೋಡಿಂದ ನೂರಿನ್ನೂರು ರೂಪಾಯಿ ಸಾಮಾನು ತಂದು ಒಂದು ಪಲ್ಸ್ ಜನರೇಟರ್ ಮಾಡಿದ್ವಿ. ಜಪಾನ್ ಲೆಕ್ಕದಲ್ಲಿ ಗಂಟೆಗೆ 60 ಕಿಮೀ ಅಂದ್ರೆ ಸ್ಪೀಡೋ ಕೇಬಲ್ ನಿಮಿಷಕ್ಕೆ 637 ಸುತ್ತು, ಸುತ್ತಿಗೆ 4 ಪಲ್ಸ್ ಹಿಡಿದ್ರೆ ಸೆಕೆಂಡಿಗೆ 42 ಚಿಲ್ಲರೆ ಪಲ್ಸು. ಒಂದು ನಾಬ್ ಕೊಟ್ವಿ, ಅದನ್ನ ತಿರುಗಿಸಿದ್ರೆ ಕಾರು 30ರಲ್ಲಿ ಹೋಗ್ತಿದೆ ಅಂತಲೋ 90ರಲ್ಲಿ ಹೋಗ್ತಿದೆ ಅಂತಲೋ ಬಾಕ್ಸ್ ನಂಬುತ್ತೆ. ಹೀಗೆ ಡ್ರೈವರ್‌ಗೆ ಬೇಕಾದಷ್ಟೇ ಅಸಿಸ್ಟ್, ಲ್ಯಾಪ್ ಪೂರ್ತಿ ಒಂದೇ ಸಮ. ನಂಗೆ ಈ ಒಂದೇ ಸಮ ಇರೋದು ತುಂಬಾ ಬೇಕಿತ್ತು, ತಿರುವಿಂದ ತಿರುವಿಗೆ ಭಾರ ಬದಲಾದ್ರೆ ಕೈ ಯಾವ್ದನ್ನ ನಂಬ್ಬೇಕು?

ಕರೆಂಟು ಕ್ಲ್ಯಾಂಪ್ ಮೀಟರಲ್ಲಿ ನೋಡಿದ್ವಿ. ನಿಂತಲ್ಲೇ ಫುಲ್ ಲಾಕ್ ತಿರುಗಿಸಿದ್ರೆ 30 ಆಂಪ್ ದಾಟುತ್ತೆ, ಓಡುವಾಗ ಅದ್ರ ಕಾಲು ಭಾಗವೂ ಇಲ್ಲ. ಬ್ಯಾಟರಿಯಿಂದ ನೇರ 10 ಸ್ಕ್ವೇರ್ ಎಂಎಂ ವೈರು, ಅದಕ್ಕೇ ಅಂತ ಬೇರೆ ಫ್ಯೂಸು, ಇಡೀ ಕಾರಿನ ಕರೆಂಟ್ ಕಡಿಯೋ ಕಿಲ್ ಸ್ವಿಚ್ ಒತ್ತಿದ್ರೆ ಇದೂ ಆಫ್ ಆಗ್ಬೇಕು.

ಟ್ರ್ಯಾಕಿಗೆ ಹೋಗೋ ಮುಂಚೆ ಒಂದು ಭಾನುವಾರ ಬೆಳಗ್ಗೆ ಖಾಲಿ ಯಾರ್ಡ್ ಒಂದ್ರಲ್ಲಿ ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸೋಕೆ ಹೇಳಿ, ನಾನು ಪಕ್ಕ ಕೂತು ಹೇಳದೇ ಕೇಳದೇ ಫ್ಯೂಸ್ ಕಿತ್ತೆ. ಭಾರ ಆಯ್ತು, ಆದ್ರೆ ಕಾರ್ ತಿರುಗ್ತು, ಅವಳು ಲೈನ್ ಬಿಡ್ಲಿಲ್ಲ. ಕ್ಯಾಸ್ಟರ್ 4ಕ್ಕೆ ಇಳಿಸಿ, ವೀಲ್ 350 ಮಾಡಿ, ರ್ಯಾಕ್ ಒಳಗಿನ ಘರ್ಷಣೆ ತೆಗೆದಿದ್ರಿಂದ ಅದು ಸಾಧ್ಯ ಆಗಿದ್ದು. ಮೊದಲಿನ ಆ 6 ಡಿಗ್ರಿ, 330 ವೀಲ್ ಇಟ್ಕೊಂಡು ಮೇಲೆ ಇಪಿಎಸ್ ಹಾಕಿದ್ರೆ ಓಡ್ತಿತ್ತು, ಖುಷಿನೂ ಪಡ್ತಿದ್ವಿ, ಯಾವತ್ತೋ ಒಂದು ದಿನ ಫ್ಯೂಸ್ ಹೋದಾಗ ತಿರುವಿನ ನಡುವೆ 11 ಕೆಜಿ ಒಟ್ಟಿಗೇ ಕೈಗೆ ಬೀಳ್ತಿತ್ತು. ಆ ಪರೀಕ್ಷೆ ಪಾಸಾಗದೇ ಯಾವ ಪವರ್ ಸ್ಟೀರಿಂಗ್ ಇರೋ ಕಾರನ್ನೂ ನಾನು ಟ್ರ್ಯಾಕಿಗೆ ಬಿಡಲ್ಲ.

ಇರುಂಗಾಟ್ಟುಕೋಟೈಗೆ ವಾಪಸ್ ಹೋದಾಗ 25 ನಿಮಿಷ ಒಂದೇ ಸಮ ಓಡಿಸಿದ್ಲು. ಮೊದಲ ಮೂರು, ಕೊನೇ ಮೂರು ಲ್ಯಾಪಿನ ವ್ಯತ್ಯಾಸ 1 ಸೆಕೆಂಡಿಗಿಂತ ಕಮ್ಮಿ. ಜಾರಿದಾಗ ಹಿಡಿದಿದ್ದು ವಿಡಿಯೋದಲ್ಲಿ ಮೂರು ಕಡೆ ಕಾಣುತ್ತೆ, ಕೈ ದಾಟಿಸದೇನೇ. 20ನೇ ನಿಮಿಷದ ಹತ್ರ ಒಂಚೂರು ಭಾರ ಆಯ್ತು ಅಂದ್ಲು, ಡ್ಯಾಶ್ ಕೆಳಗೆ ಕೈ ಹಾಕಿ ನೋಡಿದ್ರೆ ಮೋಟರ್ ಮುಟ್ಟೋಕೆ ಆಗ್ತಿರ್ಲಿಲ್ಲ, ಬಿಸಿ ಜಾಸ್ತಿ ಆದಾಗ ಬಾಕ್ಸೇ ಕರೆಂಟ್ ಇಳಿಸುತ್ತೆ. ಬೆಂಗಳೂರಿನ ಹವೆಯಲ್ಲಿ ಟೆಸ್ಟ್ ಮಾಡಿದಾಗ ಇದು ಗೊತ್ತಾಗಿರ್ಲಿಲ್ಲ. ಮುಂದಿನ ಗ್ರಿಲ್‌ನಿಂದ ಎರಡಿಂಚಿನ ಡಕ್ಟ್ ಎಳೆದು ಮೋಟರ್ ಮೇಲೆ ಗಾಳಿ ಬೀಳೋ ಹಾಗೆ ಮಾಡಿದ್ವಿ, ಅದಾದ ಮೇಲೆ ಆ ತೊಂದ್ರೆ ಬಂದಿಲ್ಲ.

ತೂಕದಲ್ಲಿ ಹೈಡ್ರಾಲಿಕ್ ತೆಗೆದು ಉಳಿಸಿದ್ದ 8 ಕೆಜಿಯಲ್ಲಿ 6 ಕೆಜಿ ವಾಪಸ್ ಬಂತು. ಫೀಲ್ ಮ್ಯಾನುಯಲ್ ರ್ಯಾಕಿನಷ್ಟು ಇಲ್ಲ, ಕಾಲಮ್ಮಿನ ಮೋಟರೂ ಅದನ್ನ ಸೇರ್ಸೋ ವರ್ಮ್ ಗೇರೂ ಕೈಗೂ ಚಕ್ರಕ್ಕೂ ನಡುವೆ ಇರೋದ್ರಿಂದ ಸಣ್ಣ ಸಣ್ಣ ಅದುರು ಕೈಗೆ ಬರೋ ಮುಂಚೆ ಸತ್ತೋಗುತ್ತೆ, "ಮರಳು ಗೊತ್ತಾಗಲ್ಲ ಮಾಮ, ಆದ್ರೆ ಟೈರ್ ಬಿಡೋದು ಗೊತ್ತಾಗುತ್ತೆ" ಅಂದ್ಲು. ಯಾವುದಾದ್ರೂ ಚಾಂಪಿಯನ್‌ಶಿಪ್ ಕ್ಲಾಸಿಗೆ ಕಾರ್ ಕಟ್ಟೋರು ಇದನ್ನೆಲ್ಲ ಮಾಡೋ ಮುಂಚೆ ರೂಲ್ ಬುಕ್ ಓದ್ಕೊಳ್ಳಿ, ಎಷ್ಟೋ ಕ್ಲಾಸಲ್ಲಿ ಸ್ಟೀರಿಂಗ್ ಸಿಸ್ಟಮ್ ಬದಲಾಯಿಸೋಕೆ ಬಿಡಲ್ಲ, ನಾವು ಓಡಿಸಿದ್ದು ಟ್ರ್ಯಾಕ್ ಡೇಗಳಲ್ಲಿ.

ಇನ್ನೊಂದು ಬಾಕಿ ಇದೆ. ತಿರುವು ಮುಗಿದು ವೀಲ್ ಬಿಟ್ರೆ ತಾನಾಗೇ ನೇರ ಬರೋದು ನಿಧಾನ ಆಗಿದೆ, ಮೋಟರ್ ಗೇರಿನ ಘರ್ಷಣೆ ಒಂದು, ಕ್ಯಾಸ್ಟರ್ ಇಳಿಸಿದ್ದು ಇನ್ನೊಂದು. ಅವಳು ಈಗ ನಾಬ್‌ನ 70ರ ಹತ್ರ ಇಟ್ಕೊಂಡು ಓಡಿಸ್ತಿದ್ದಾಳೆ. ಮುಂದಿನ ಸಲ ಕ್ಯಾಸ್ಟರ್ ನಾಲ್ಕೂವರೆಗೆ ಏರಿಸಿ, ನಾಬ್ 60ಕ್ಕೆ ತಂದು, ಲಗೇಜ್ ತಕ್ಕಡಿ ಹಿಡ್ಕೊಂಡು ಮತ್ತೆ ಎಲ್ಲ ಅಳತೆ ತೆಗೀತೀವಿ, ಆಮೇಲೆ ಮತ್ತೆ ಫ್ಯೂಸ್ ಕೀಳ್ತೀನಿ.